ಬೇಸ್ ಗಿಟಾರ್‌ನಲ್ಲಿ ಎರಡು ಕೈ ಟ್ಯಾಪಿಂಗ್: ಯಾವ ತಂತಿ, ಎಷ್ಟು ಆಕ್ಷನ್, ಹೇರ್‌ಬ್ಯಾಂಡಾ ಫೋಮಾ?

ಟ್ಯಾಪಿಂಗ್ ಅಂದ್ರೆ ಮೀಟೋ ಬದಲು ಎರಡೂ ಕೈ ಬೆರಳಲ್ಲಿ ತಂತೀನ ಫ್ರೆಟ್‌ಗೆ (ನೆಕ್ ಮೇಲಿನ ಲೋಹದ ಪಟ್ಟಿಗೆ) ಕುಟ್ಟಿ ನೋಟ್ ಬರಿಸೋದು. ಅದಕ್ಕೆ ಅಂತ ದುಡ್ಡು ಖರ್ಚು ಮಾಡೋ ಹಾಗಿದ್ರೆ ತಂತಿ ಪೆಡಲ್ ಎಲ್ಲಾ ಆಮೇಲೆ, ಮೊದಲು ಫ್ರೆಟ್ ಲೆವೆಲ್ ಮಾಡಿಸಿ. ಒಂದೇ ಒಂದು ಫ್ರೆಟ್ ಎದ್ದಿದ್ರೂ ಆಕ್ಷನ್ (ಫ್ರೆಟ್‌ನಿಂದ ತಂತಿಯ ಎತ್ತರ) ಇಳಿಸೋಕಾಗಲ್ಲ, ಆಕ್ಷನ್ ಮೇಲಿದ್ರೆ ಬಲಗೈ ಕುಟ್ಟಿದಾಗ ನೋಟ್‌ಗಿಂತ ಟಪ್ ಅನ್ನೋ ಸದ್ದೇ ಜಾಸ್ತಿ. ನಂದು ನಾಲ್ಕು ತಂತಿಯ ಜಾಝ್ ಬೇಸ್, 34 ಇಂಚ್ ಸ್ಕೇಲ್, ಎಲ್ಲಾ ಟ್ರೈ ಮಾಡಿದ್ದು ಅದರ ಮೇಲೇ.

45-105 (ತೀರಾ ತೆಳು ಮತ್ತು ತೀರಾ ದಪ್ಪ ತಂತಿಯ ಅಳತೆ, ಇಂಚಿನ ಸಾವಿರದ ಭಾಗದಲ್ಲಿ) ನಿಕಲ್ ರೌಂಡ್‌ವೂಂಡ್, ಅಂದ್ರೆ ಮೇಲೆ ದುಂಡು ತಂತಿ ಸುತ್ತಿದ್ದು, ಮೀಟೋಕೆ ಮಜಾ, ಸೌಂಡ್ ದಪ್ಪ, ಆದ್ರೆ ಟ್ಯಾಪಿಂಗ್‌ನಲ್ಲಿ ಕಿರುಬೆರಳು ಬೇಗ ಸುಸ್ತಾಗುತ್ತೆ. 40-95 ಸ್ಟೀಲ್ ಹಾಕಿದ್ರೆ ಮುಟ್ಟಿದ್ರೆ ಸಾಕು ನೋಟ್ ಬರುತ್ತೆ, ಆದ್ರೆ ಸ್ಲೈಡ್ ಮಾಡಿದಾಗ ಕರ್ ಅನ್ನುತ್ತೆ, ಫ್ರೆಟ್ ಕೂಡ ಬೇಗ ಸವೆಸುತ್ತೆ, ಹಾಗಾಗಿ ನಾನು ನಿಂತಿದ್ದು 40-95 ನಿಕಲ್‌ಗೆ. ತೆಳು ತಂತಿ ಹಾಕಿದ್ರೆ ಎಳೆತ ಕಮ್ಮಿಯಾಗಿ ನೆಕ್ ಹಿಂದಕ್ಕೆ ಬಾಗುತ್ತೆ, ನೆಕ್ ಒಳಗಿರೋ ಟ್ರಸ್ ರಾಡ್ ಅನ್ನೋ ಸರಳು ಸ್ವಲ್ಪ ಸಡಿಲ ಮಾಡ್ಲೇಬೇಕು. ಚಪ್ಪಟೆ ಪಟ್ಟಿ ಸುತ್ತಿದ ಫ್ಲಾಟ್‌ವೂಂಡ್ ಬೇಡವೇ ಬೇಡ, ಟ್ಯಾಪ್ ಮಾಡಿದ್ರೆ ಮಂಕು.

ಆಕ್ಷನ್ ಲೆಕ್ಕ ಹೇಳ್ತೀನಿ. ಒಂದನೇ ಫ್ರೆಟ್‌ಗೆ ಕ್ಯಾಪೋ (ತಂತಿ ಒತ್ತಿಡೋ ಕ್ಲಿಪ್) ಹಾಕಿ, ನೆಕ್ ಬಾಡಿಗೆ ಸೇರೋ ಕಡೆ ತಂತಿ ಒತ್ತಿ, ಎಂಟನೇ ಫ್ರೆಟ್ ಮೇಲಿನ ಗ್ಯಾಪ್ ನೋಡಬೇಕು, ನೆಕ್ ಎಷ್ಟು ಬಾಗಿದೆ ಅಂತ ಅದೇ ಹೇಳುತ್ತೆ. ಇದಕ್ಕೆ ಗಿಟಾರ್ ಅಂಗಡಿಯ ಟೂಲ್ ಕಿಟ್ ಏನೂ ಬೇಕಿಲ್ಲ, ಬೆಂಗಳೂರಿನ ಜೆಸಿ ರೋಡ್‌ನಲ್ಲಿ ಮೆಕ್ಯಾನಿಕ್‌ಗಳು ಇಂಜಿನ್ ಟ್ಯಾಪೆಟ್ ಸೆಟ್ ಮಾಡೋಕೆ ತಗೊಳೋ ಫೀಲರ್ ಗೇಜ್ (ಗ್ಯಾಪ್ ಅಳೆಯೋ ತೆಳು ಲೋಹದ ಪಟ್ಟಿಗಳು) ಸಾಕು. ಗ್ಯಾಪ್ 0.3 ಮಿಮೀ, ಹನ್ನೆರಡನೇ ಫ್ರೆಟ್‌ನಲ್ಲಿ ಇ ತಂತಿ (ಎಲ್ಲಕ್ಕಿಂತ ದಪ್ಪದ್ದು) 2.2 ಮಿಮೀ ಎತ್ತರ ಇಟ್ರೆ ಸ್ಲ್ಯಾಪ್ (ಹೆಬ್ಬೆರಳಲ್ಲಿ ತಂತಿಗೆ ಹೊಡೆಯೋದು), ಬೆರಳಲ್ಲಿ ಮೀಟೋದು ಎಲ್ಲದಕ್ಕೂ ಓಕೆ, ಟ್ಯಾಪಿಂಗ್ ಮಾತ್ರ ಒದ್ದಾಟ. 0.15 ಮತ್ತು 1.5ಕ್ಕೆ ಇಳಿಸಿದ್ರೆ ಟ್ಯಾಪಿಂಗ್ ಸಲೀಸು, ಆದ್ರೆ ಜೋರಾಗಿ ಮೀಟಿದ್ರೆ ಗರಗರ. ಇಷ್ಟು ಟೈಟ್ ಸೆಟಪ್‌ಗೆ ನಮ್ಮೂರ ಹವಾ ಬೇರೆ ಕಾಟ, ಮಾರ್ಚ್‌ನ ಒಣ ಗಾಳೀಲಿ ಸೆಟ್ ಮಾಡಿದ್ದು ಜೂನ್ ಮಳೆಗೆ ಹಾಗೇ ಇರಲ್ಲ, ರಾಡ್ ಮತ್ತೆ ಕಾಲು ಸುತ್ತು ತಿರುಗಿಸೋದು ಇದ್ದಿದ್ದೇ.

ಇನ್ನು ಮ್ಯೂಟಿಂಗ್, ಅಂದ್ರೆ ಬೇಡದ ತಂತಿ ಸದ್ದು ಅಡಗಿಸೋದು, ನನ್ ಪ್ರಕಾರ ತಂತಿಗಿಂತ ದೊಡ್ಡ ವಿಷಯ ಇದು. ಎರಡೂ ಕೈ ನೋಟ್ ನುಡಿಸೋಕೆ ಹೋದ್ಮೇಲೆ ತಂತಿ ಅದುಮಿಡೋರು ಯಾರು? ಫ್ರೆಟ್‌ಗೆ ಕುಟ್ಟಿದಾಗ ಬ್ರಿಡ್ಜ್ (ಬಾಡಿ ಮೇಲೆ ತಂತಿ ಕೂರೋ ತುದಿ) ಕಡೆ ಭಾಗ ಮಾತ್ರ ಅಲ್ಲ, ಬೆರಳ ಹಿಂದೆ ನಟ್ (ನೆಕ್ ಮೇಲ್ತುದಿಯಲ್ಲಿ ತಂತಿ ಕೂರೋ ಪಟ್ಟಿ) ಕಡೆ ಉಳಿದಿರೋ ತುಂಡೂ ಅಲುಗುತ್ತೆ, ಬೆರಳು ಎತ್ತಿದ್ರೆ ಓಪನ್ ತಂತಿ ಕೂಗುತ್ತೆ. ಬ್ರಿಡ್ಜ್ ಹತ್ರ ಫೋಮ್ ತುರುಕಿ ನೋಡಿದೆ, ಗಲಾಟೆ ಜೊತೆ ನೋಟೂ ಸತ್ತೋಗುತ್ತೆ. ಗಾಂಧಿ ಬಜಾರ್ ಫುಟ್‌ಪಾತ್‌ನ ಬಟ್ಟೆ ಹೇರ್‌ಬ್ಯಾಂಡ್‌ನ ಎರಡು ಸುತ್ತು ಮಾಡಿ ಒಂದನೇ ಫ್ರೆಟ್ ಹತ್ರ ಕೂರಿಸಿದ್ರೆ ಹಿಂದಿನ ತುಂಡು ಸುಮ್ಮನಾಗುತ್ತೆ, ನೋಟ್‌ಗೇನೂ ಆಗಲ್ಲ. ಅಮೆರಿಕದ ಬೇಸ್ ವಾದಕ ವಿಕ್ಟರ್ ವೂಟನ್ ಕೂಡ ಹೇರ್‌ಬ್ಯಾಂಡ್ ಗಿರಾಕಿನೇ, 1974ರಲ್ಲಿ ಮಾರ್ಕೆಟ್‌ಗೆ ಬಂದ ಚಾಪ್‌ಮನ್ ಸ್ಟಿಕ್ ಟ್ಯಾಪಿಂಗ್‌ಗೇ ಮಾಡಿದ ವಾದ್ಯ, ಅದರಲ್ಲೂ ನಟ್ ಹತ್ರ ಡ್ಯಾಂಪರ್ (ತಂತಿ ಸದ್ದು ಅದುಮೋದು) ಇದೆ. ಇದಕ್ಕೇ ಅಂತ ಬರೋ ವೆಲ್ಕ್ರೋ ಪಟ್ಟಿ ನೀಟಾಗಿ ಕೂರುತ್ತೆ ನಿಜ, ಕೆಲಸ ಅದೇ, ರೇಟ್ ಮಾತ್ರ ಎಲ್ಲೋ ಇದೆ. ಬ್ಯಾಂಡ್ ಹಾಕಿದ್ರೆ ಓಪನ್ ಇ ಸಿಗಲ್ಲ, ಆರ್ಕೆಸ್ಟ್ರಾದಲ್ಲಿ ಟ್ಯಾಪಿಂಗ್ ಬಿಟ್ ಮುಗಿದ ತಕ್ಷಣ ಹೆಬ್ಬೆರಳಲ್ಲಿ ನಟ್ ಆಚೆ ತಳ್ಳಿಬಿಡ್ತೀನಿ.

ಕಂಪ್ರೆಸರ್ (ಜೋರು, ಮೆಲ್ಲಗಿನ ಸದ್ದಿನ ಅಂತರ ಕಮ್ಮಿ ಮಾಡೋ ಪೆಡಲ್) ಹಾಕಿದ್ರೆ ಎರಡು ಕೈ ವಾಲ್ಯೂಮ್ ಸಮ ಆಗುತ್ತೆ, 4:1 ರೇಷಿಯೋ ಸಾಕು. ಆದ್ರೆ ಹೇರ್‌ಬ್ಯಾಂಡ್ ಇಲ್ದೆ ಹಾಕಿದ್ರೆ ಆ ಓಪನ್ ತಂತಿ ಗಲಾಟೆನೂ ಎತ್ತಿ ಕೊಡುತ್ತೆ, ಬೇಡಪ್ಪ.