ವಾಕ್ಯದ ಒಳಗಟ್ಟನ್ನು ತೋರಿಸಿದ ಎಂಟು ಭಾನುವಾರಗಳು: ಹಾಸನದ ಒಂದು ತರಗತಿಯ ವಿಮರ್ಶೆ

ಹಾಸನದ ಸಾಲಗಾಮೆ ರಸ್ತೆಯಿಂದ ಒಳಗೆ ತಿರುಗುವ ಅಡ್ಡರಸ್ತೆಯೊಂದರಲ್ಲಿ, ಔಷಧದ ಅಂಗಡಿಯ ಮೇಲಿನ ಕೋಣೆಯಲ್ಲಿ, ಕಳೆದ ಬೇಸಗೆಯ ಎಂಟು ಭಾನುವಾರ ನಡೆದ ವಾಕ್ಯರಚನೆಯ ಪ್ರವೇಶ ತರಗತಿಗೆ ನಾನು ಒಂದು ದಿನವೂ ತಪ್ಪದೆ ಹೋಗಿಬಂದೆ. ಬೆಳಿಗ್ಗೆ 10ರಿಂದ ಮಧ್ಯಾಹ್ನ 1ರವರೆಗೆ ಪಾಠ, ನಡುವೆ ಕಾಫಿಗೆ ಹದಿನೈದು ನಿಮಿಷ ಬಿಡುವು, ಒಟ್ಟು ಶುಲ್ಕ 2,400 ರೂಪಾಯಿ. ಕೂತಿದ್ದವರು ಹದಿನೇಳು ಮಂದಿ. ಹೆಚ್ಚಿನವರು ನನ್ನಂತೆಯೇ ಶಾಲಾ ಶಿಕ್ಷಕರು, ಉಳಿದವರು ಸ್ನಾತಕೋತ್ತರ ಪದವಿಯ ವಿದ್ಯಾರ್ಥಿಗಳು. ನಡೆಸಿದ ಸಂಸ್ಥೆಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಮೆಚ್ಚಿದ್ದನ್ನು ಬರೆದಷ್ಟೇ ಬಿಚ್ಚುಮನಸ್ಸಿನಿಂದ ಕೊರತೆಗಳನ್ನೂ ಬರೆಯಬೇಕಾಗಿರುವುದರಿಂದ ಅದೇ ಸರಿ ಎನಿಸಿತು.

ಅರಸೀಕೆರೆ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ 19 ವರ್ಷಗಳಿಂದ ಕನ್ನಡ ಕಲಿಸುತ್ತಿರುವ ನನಗೆ ಈ ತರಗತಿ ಏಕೆ ಬೇಕಾಯಿತು ಎಂಬುದನ್ನು ಮೊದಲು ಹೇಳಬೇಕು. ನಾವು ಮಕ್ಕಳಿಗೆ ಸಂಧಿ ಬಿಡಿಸುವುದನ್ನು, ಸಮಾಸ ವಿಗ್ರಹಿಸುವುದನ್ನು, ವಿಭಕ್ತಿ ಪ್ರತ್ಯಯಗಳನ್ನು ಸಾಲಾಗಿ ಹೇಳುವುದನ್ನು ಚೆನ್ನಾಗಿ ಕಲಿಸುತ್ತೇವೆ, ಆದರೆ ವಾಕ್ಯಕ್ಕೆ ಬಂದಾಗ ಕರ್ತೃ, ಕರ್ಮ, ಕ್ರಿಯಾಪದ ಎಂಬ ಮೂರು ಮಾತಿನಲ್ಲಿ ಪಾಠ ಮುಗಿದುಹೋಗುತ್ತದೆ. ಇದಕ್ಕೆ ಹಳೆಯ ಬೇರು ಇದೆ. 13ನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ ಎಂಬ ಪ್ರಕರಣಗಳಿವೆ. ಕಾರಕದ, ಎಂದರೆ ಕ್ರಿಯೆಯೊಡನೆ ನಾಮಪದಕ್ಕಿರುವ ಸಂಬಂಧದ, ಮಾತು ವಿಭಕ್ತಿಯ ಜೊತೆಯಲ್ಲಿ ಬರುತ್ತದೆಯೇ ಹೊರತು ವಾಕ್ಯಕ್ಕೆಂದೇ ಒಂದು ಪ್ರಕರಣವಿಲ್ಲ. ಪದದ ಒಳಗನ್ನು ಅಷ್ಟು ಸೂಕ್ಷ್ಮವಾಗಿ ಕಂಡ ಪರಂಪರೆಯ ವಾರಸುದಾರರಾದ ನಮಗೆ ವಾಕ್ಯದ ಒಳಗೂ ಅಷ್ಟೇ ನಿಯಮಬದ್ಧವಾದ ಒಂದು ಕಟ್ಟು ಇದೆ ಎಂಬುದು ಕಾಣದೆ ಉಳಿದಿದೆ. ಆ ಕಟ್ಟನ್ನು ಯಾರಾದರೂ ಕನ್ನಡದಲ್ಲೇ ತೋರಿಸಿಕೊಡುತ್ತಾರೆಯೇ ಎಂಬ ಆಸೆಯಿಂದ ನಾನು ಬಸ್ಸು ಹತ್ತಿದೆ.

ಮೊದಲ ದಿನದ ಪಾಠ ಆ ಆಸೆಯನ್ನು ಹುಸಿಮಾಡಲಿಲ್ಲ. ಉಪನ್ಯಾಸಕರು ಯಾವ ಪೀಠಿಕೆಯನ್ನೂ ಹಾಕದೆ ಹಲಗೆಯ ಮೇಲೆ ‘ಹಳೆಯ ಮನೆಯ ಬಾಗಿಲು’ ಎಂದು ಬರೆದು, ಹಳೆಯದು ಯಾವುದು ಎಂದು ಕೇಳಿದರು. ಅರ್ಧ ತರಗತಿ ಮನೆ ಎಂದಿತು, ಇನ್ನರ್ಧ ಬಾಗಿಲು ಎಂದಿತು, ಎರಡೂ ಸರಿ. ‘ಹಳೆಯ ಮನೆ’ ಎಂಬುದು ಮೊದಲು ಒಂದು ಗಂಟಾಗಿ ಆಮೇಲೆ ಬಾಗಿಲನ್ನು ಸೇರಿದರೆ ಒಂದು ಅರ್ಥ. ‘ಮನೆಯ ಬಾಗಿಲು’ ಮೊದಲು ಗಂಟಾಗಿ ಅದರ ಮೇಲೆ ‘ಹಳೆಯ’ ಕೂತರೆ ಇನ್ನೊಂದು ಅರ್ಥ. ಪದಗಳು ಅವೇ, ಅವುಗಳ ಸಾಲೂ ಅದೇ, ಪ್ರತ್ಯಯಗಳೂ ಅವೇ ಆಗಿರುವಾಗ ಅರ್ಥ ಬದಲಾಗುವುದು ಗಂಟು ಬಿದ್ದ ಕ್ರಮದಿಂದ ಮಾತ್ರ. ಆಮೇಲೆ ‘ನಿನ್ನೆ ತಂದ ಕಾಫಿಬೀಜ ಹುರಿದರು’ ಎಂಬ ವಾಕ್ಯ ಬಂತು. ನಿನ್ನೆ ನಡೆದದ್ದು ತರುವ ಕೆಲಸವೋ ಹುರಿಯುವ ಕೆಲಸವೋ ಎಂಬ ಪ್ರಶ್ನೆಗೆ ಉತ್ತರ ‘ನಿನ್ನೆ’ ಎಂಬ ಪದ ಯಾವ ಗಂಟಿನ ಒಳಗಿದೆ ಎಂಬುದರಲ್ಲಿದೆ. ಅಮೆರಿಕದ ಭಾಷಾವಿಜ್ಞಾನಿ ಲಿಯೊನಾರ್ಡ್ ಬ್ಲೂಮ್‌ಫೀಲ್ಡ್ 1933ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಾಕ್ಯವನ್ನು ಹೀಗೆ ಹಂತಹಂತವಾಗಿ ಘಟಕಗಳಾಗಿ ಬಿಡಿಸುವ ಕ್ರಮವನ್ನು ಮಂಡಿಸಿದ್ದರು ಎಂಬ ಚರಿತ್ರೆ ಇದಾದ ಮೇಲೆ ಬಂತು. ಉದಾಹರಣೆ ಮುಂದೆ, ಸಿದ್ಧಾಂತ ಹಿಂದೆ ಎಂಬ ಈ ಕ್ರಮವೇ ಈ ತರಗತಿಯ ದೊಡ್ಡ ಗುಣ, ಅದನ್ನು ಉಳಿಸಿಕೊಂಡ ದಿನಗಳಲ್ಲಿ.

ಗಂಟುಗಳು ನಿಜವಾಗಿ ಇವೆಯೇ, ಇಲ್ಲವೇ ನಮ್ಮ ಕಲ್ಪನೆಯೇ ಎಂದು ನನ್ನ ಪಕ್ಕದಲ್ಲಿದ್ದ ಆಲೂರಿನ ಶಿಕ್ಷಕಿಯೊಬ್ಬರು ಕೇಳಿದ ಪ್ರಶ್ನೆಗೆ ಕೊಟ್ಟ ಉತ್ತರವೂ ನೆನಪಿನಲ್ಲಿ ಉಳಿಯುವಂಥದ್ದು. ‘ಬೇಲೂರಿನಿಂದ ಬಂದ ಆ ಎತ್ತರದ ಹುಡುಗನನ್ನು’ ಎಂಬಲ್ಲಿ ಐದಾರು ಪದಗಳಿದ್ದರೂ ‘ಅನ್ನು’ ಎಂಬ ಪ್ರತ್ಯಯ ಒಂದೇ ಸಲ, ಕೊನೆಯಲ್ಲಿ ಬರುತ್ತದೆ. ಸಂಸ್ಕೃತದಲ್ಲಾದರೆ ವಿಶೇಷಣವೂ ವಿಶೇಷ್ಯದ ಲಿಂಗ, ವಚನ, ವಿಭಕ್ತಿಗಳನ್ನು ತಾಳಬೇಕು. ಕನ್ನಡದ ವಿಭಕ್ತಿಯಾದರೋ ಇಡೀ ಪದಪುಂಜವನ್ನು ಒಂದು ಪದವೆಂಬಂತೆ ಎಣಿಸಿ ಅದರ ತುದಿಗೆ ಅಂಟಿಕೊಳ್ಳುತ್ತದೆ. ಆ ಪೂರ್ತಿ ಪುಂಜವನ್ನು ತೆಗೆದು ‘ಅವನನ್ನು’ ಎಂದು ಇಟ್ಟರೂ ವಾಕ್ಯ ನಿಲ್ಲುತ್ತದೆ, ಆದರೆ ‘ಬಂದ ಆ’ ಎಂಬೆರಡನ್ನು ಮಾತ್ರ ತೆಗೆದು ಅವುಗಳ ಜಾಗದಲ್ಲಿ ಇಡಬಹುದಾದ ಪದ ಯಾವುದೂ ಇಲ್ಲ. ವಿಭಕ್ತಿ ಪ್ರತ್ಯಯವನ್ನು ಇಷ್ಟು ವರ್ಷ ನಾಮಪದದ ಬಾಲವೆಂದೇ ಕಲಿಸಿದ್ದ ನನಗೆ ಅದು ಪುಂಜದ ಬಾಲವೆಂದು ತಿಳಿದ ಆ ಗಳಿಗೆಯೊಂದಕ್ಕೇ ಶುಲ್ಕ ಸಂದಿತು ಎಂದು ಮನಸಾರೆ ಹೇಳುತ್ತೇನೆ.

ಎರಡನೆಯ ಮತ್ತು ಮೂರನೆಯ ವಾರಗಳ ಬಗ್ಗೆ ಇಷ್ಟು ಸಂತೋಷದಿಂದ ಬರೆಯಲಾರೆ. ವಾಕ್ಯದ ಗಂಟುಗಳನ್ನು ಕೊಂಬೆಗಳಾಗಿ ತೋರಿಸುವ ಮರದ ಚಿತ್ರಗಳನ್ನು ಇಂಗ್ಲಿಷ್ ಪಠ್ಯದಿಂದ ನೆರಳಚ್ಚು ಮಾಡಿ ಹಂಚಿ, ಅವುಗಳ ಕೊಂಬೆಗಳಿಗೆ ಕನ್ನಡದ ಪದಗಳನ್ನು ತೂಗುಹಾಕಲು ಹೇಳಲಾಯಿತು. ಆ ಮರಗಳಲ್ಲಿ ಕ್ರಿಯಾಪದದ ಬಲಕ್ಕೆ ಕರ್ಮವಿತ್ತು. ನಮ್ಮಲ್ಲಿ ಕರ್ಮ ಎಡಕ್ಕೆ, ಕ್ರಿಯೆ ಕೊನೆಗೆ. ಇಂಗ್ಲಿಷಿನ ಸಂಬಂಧಸೂಚಕ ಪದ ನಾಮಪದಕ್ಕಿಂತ ಮೊದಲು ಬಂದರೆ ನಮ್ಮ ‘ಮೇಲೆ’, ‘ಕೆಳಗೆ’, ‘ಜೊತೆ’ ಎಂಬಂಥ ಸಂಬಂಧಸೂಚಕಗಳು ನಾಮಪದದ ನಂತರ ಬರುತ್ತವೆ. ಕನ್ನಡಿಯ ಪ್ರತಿಬಿಂಬದಂತೆ ತಿರುಗಿರುವ ಎರಡು ಕಟ್ಟಡಗಳನ್ನು ಒಂದೇ ನಕ್ಷೆಯಲ್ಲಿ ತೋರಿಸಹೋಗಿ ಅನೇಕರು ಗೊಂದಲಕ್ಕೆ ಬಿದ್ದರು, ಇಬ್ಬರು ಆಮೇಲೆ ಬರಲೇ ಇಲ್ಲ. ಭಾಷಾವಿಜ್ಞಾನಿ ಜೋಸೆಫ್ ಗ್ರೀನ್‌ಬರ್ಗ್ 1963ರಲ್ಲಿ 30 ಭಾಷೆಗಳ ಪದಕ್ರಮವನ್ನು ಹೋಲಿಸಿ, ಕ್ರಿಯಾಪದ ಕೊನೆಗೆ ಬರುವ ಭಾಷೆಗಳಲ್ಲಿ ಸಂಬಂಧಸೂಚಕಗಳು ಬಹುಮಟ್ಟಿಗೆ ನಾಮಪದದ ನಂತರವೇ ಬರುತ್ತವೆ ಎಂದು ತೋರಿಸಿದ್ದರು. ಆ 30ರಲ್ಲಿ ಕನ್ನಡವೂ ಒಂದು. ಈ ಸಂಗತಿಯನ್ನು ಮೊದಲೇ ಹೇಳಿ, ತುರ್ಕಿ, ಜಪಾನಿ ಭಾಷೆಗಳೂ ನಮ್ಮಂತೆಯೇ ಎಂದು ತೋರಿಸಿದ್ದರೆ ಕನ್ನಡದ ಮರವನ್ನು ಇಂಗ್ಲಿಷಿನ ಮರದ ತಿರುವುಮುರುವಾದ ರೂಪವೆಂದು ನಾವು ಭಾವಿಸುತ್ತಿರಲಿಲ್ಲ. ಕನ್ನಡದ ವ್ಯಾಕರಣವನ್ನು ಬೇರೆ ಭಾಷೆಯ ಅಚ್ಚಿನಲ್ಲಿ ಎರೆಯಬಾರದೆಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಬಾಳಿನುದ್ದಕ್ಕೂ ವಾದಿಸಿದ್ದನ್ನು ನಮ್ಮ ಉಪನ್ಯಾಸಕರು ತಾವೇ ಒಮ್ಮೆ ನೆನೆದರು. ನೆನೆದ ಮೇಲೂ ಮರುವಾರ ಅದೇ ನೆರಳಚ್ಚಿನ ಹಾಳೆಗಳು ಬಂದದ್ದು ನನಗೆ ಬೇಸರ ತಂದಿತು.

ಐದನೆಯ ವಾರ ಮಾತ್ರ ಇಡೀ ತರಗತಿಯ ಹೃದಯ. ಅಂದು ಮೂರು ಗಂಟೆಯೂ ಒಂದೇ ಬಗೆಯ ವಾಕ್ಯದ ಮೇಲೆ ಕಳೆಯಿತು: ‘ನನಗೆ ಹಸಿವಾಗಿದೆ’, ‘ಅವಳಿಗೆ ನಿದ್ದೆ ಬಂತು’, ‘ರಂಗನಿಗೆ ಸಿಟ್ಟು ಬಂದಿದೆ’. ಇಂಥ ವಾಕ್ಯದಲ್ಲಿ ಕರ್ತೃ ಯಾವುದು? ಕ್ರಿಯಾಪದ ಹೊಂದಿಕೊಳ್ಳುವುದು ಹಸಿವು, ನಿದ್ದೆ, ಸಿಟ್ಟುಗಳ ಜೊತೆ. ಆದ್ದರಿಂದಲೇ ‘ಅವಳಿಗೆ ನಿದ್ದೆ ಬಂತು’ ಎನ್ನುತ್ತೇವೆ, ‘ಬಂದಳು’ ಎನ್ನುವುದಿಲ್ಲ. ಆ ಲೆಕ್ಕದಲ್ಲಿ ನಿದ್ದೆಯೇ ಕರ್ತೃ. ಆದರೆ ‘ಅವಳಿಗೆ ಊಟ ಮಾಡಿ ನಿದ್ದೆ ಬಂತು’ ಎಂದಾಗ ಊಟ ಮಾಡಿದವಳು ಅವಳು, ನಿದ್ದೆಯಲ್ಲ. ‘ಮಾಡಿ’, ‘ಬಂದು’ ಎಂಬಂಥ ರೂಪಗಳ ಕರ್ತೃವೂ ಮುಖ್ಯ ಕ್ರಿಯೆಯ ಕರ್ತೃವೂ ಒಂದೇ ಆಗಿರಬೇಕೆಂಬುದು ಸಾಮಾನ್ಯ ನಿಯಮವಾದ್ದರಿಂದ, ಈ ಲೆಕ್ಕದಲ್ಲಿ ‘ಅವಳಿಗೆ’ ಎಂಬುದೇ ಕರ್ತೃವಿನ ಜಾಗದಲ್ಲಿದೆ. ಇನ್ನೊಂದು ಪರೀಕ್ಷೆ: ‘ರಂಗನಿಗೆ ತನ್ನ ಮಗಳ ಮೇಲೆ ಸಿಟ್ಟು ಬಂದಿದೆ’ ಎಂಬಲ್ಲಿ ‘ತನ್ನ’ ಎಂಬುದು ಹಿಂತಿರುಗಿ ನೋಡುವುದು ರಂಗನನ್ನು. ‘ತನ್ನ’ ಸಾಮಾನ್ಯವಾಗಿ ಕರ್ತೃವನ್ನೇ ನೋಡುವ ಪದ.

ಹಾಗಾದರೆ ವಿಭಕ್ತಿ ಒಂದು ಮಾತು ಹೇಳುತ್ತದೆ, ವಾಕ್ಯದೊಳಗಿನ ಸ್ಥಾನ ಇನ್ನೊಂದು ಮಾತು ಹೇಳುತ್ತದೆ. ಸುಮಾರು 4,000 ಸೂತ್ರಗಳ ಅಷ್ಟಾಧ್ಯಾಯಿಯಲ್ಲಿ ಪಾಣಿನಿ ಆರು ಕಾರಕಗಳನ್ನು ವಿಭಕ್ತಿಗಳಿಂದ ಬೇರೆಯಾಗಿ ನಿಲ್ಲಿಸಿದ್ದು ಏಕೆಂದು ನನಗೆ ಅಂದು ಅರ್ಥವಾಯಿತು. ಹಿಂದೊಮ್ಮೆ ನನ್ನ ತರಗತಿಯ ಹುಡುಗಿಯೊಬ್ಬಳು ‘ನನಗೆ ಹಸಿವಾಗಿದೆ’ ಎಂಬ ವಾಕ್ಯದಲ್ಲಿ ಕರ್ತೃ ‘ನನಗೆ’ ಎಂದು ಬರೆದಿದ್ದಳು. ಚತುರ್ಥಿ ವಿಭಕ್ತಿಯಲ್ಲಿರುವುದು ಕರ್ತೃವಾಗುವುದಿಲ್ಲ ಎಂದು ನಾನು ಕೆಂಪು ಗೆರೆ ಎಳೆದು ಅಂಕ ಕಳೆದಿದ್ದೆ. ಆ ಮಗು ವಾಕ್ಯದ ಕಟ್ಟನ್ನು ಸರಿಯಾಗಿಯೇ ಕಂಡಿತ್ತು.

ಅದೇ ದಿನ ಕೊನೆಗೆ ಬಂದ ‘ತಾನು ನಾಳೆ ಬರುತ್ತೇನೆ ಎಂದು ರಂಗ ಹೇಳಿದ’ ಎಂಬ ವಾಕ್ಯವನ್ನೂ ಇಲ್ಲಿ ಬರೆಯದಿರಲಾರೆ. ‘ತಾನು’ ಎಂಬುದು ಪ್ರಥಮ ಪುರುಷ, ‘ಬರುತ್ತೇನೆ’ ಎಂಬುದು ಉತ್ತಮ ಪುರುಷ. ಬೇರೆ ಎಲ್ಲಿಯೂ ಕೂಡದ ಈ ಎರಡು ‘ಎಂದು’ ಎಂಬ ಪದದ ಆಶ್ರಯದಲ್ಲಿ ಮಾತ್ರ ಜೊತೆಯಾಗುತ್ತವೆ. ದಿನವೂ ಆಡುವ, ಓದುವ ಈ ಬಗೆಯ ವಾಕ್ಯದಲ್ಲಿ ಇಂಥದ್ದೊಂದು ಇದೆಯೆಂದು ಯಾರೂ ತೋರಿಸಿರಲಿಲ್ಲ.

ಆರನೆಯ ವಾರ ಅಮೆರಿಕದ ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿಯವರ ವಿಚಾರಗಳಿಗೆ ಮೀಸಲಾಗಿತ್ತು. 1957ರಲ್ಲಿ ಅವರ ಮೊದಲ ಪ್ರಸಿದ್ಧ ಗ್ರಂಥ ಪ್ರಕಟವಾದ ಮೇಲೆ ವಾಕ್ಯರಚನೆ ಭಾಷಾವಿಜ್ಞಾನದ ನಡುಮನೆಗೆ ಬಂದದ್ದು, ವ್ಯಾಕರಣಬದ್ಧತೆ ಬೇರೆ, ಅರ್ಥವಂತಿಕೆ ಬೇರೆ ಎಂಬ ಅವರ ವಾದ, ಇವೆಲ್ಲ ಸರಿಯಾಗಿಯೇ ಬಂದವು. ‘ಮಂಗಳವಾರ ಉಪ್ಪನ್ನು ನಿಧಾನವಾಗಿ ಮದುವೆಯಾಯಿತು’ ಎಂಬುದಕ್ಕೆ ಅರ್ಥವಿಲ್ಲದಿದ್ದರೂ ಅದು ಕನ್ನಡದ ವಾಕ್ಯ. ‘ನಾವು ನಿನ್ನೆ ಬಂದಳು’ ಎಂಬುದರ ಅರ್ಥ ಊಹಿಸಬಹುದಾದರೂ ಅದು ವಾಕ್ಯವಲ್ಲ. ಇಲ್ಲಿಂದ ಮುಂದಿನ ರೂಪಾಂತರ ನಿಯಮಗಳನ್ನು, ಎಂದರೆ ಒಂದು ವಾಕ್ಯದ ಕಟ್ಟನ್ನು ಇನ್ನೊಂದಾಗಿ ಬದಲಿಸುವ ನಿಯಮಗಳನ್ನು, ಒಂದೂವರೆ ಗಂಟೆಯಲ್ಲಿ ಓಡಿಸಿದ್ದರಿಂದ ಯಾರಿಗೂ ದಕ್ಕಲಿಲ್ಲ. ಫ್ರಾನ್ಸಿನ ಲೂಸಿಯೆನ್ ತೆನಿಯೇರ್ ಅವರ, ಅವರು ತೀರಿಕೊಂಡ ಮೇಲೆ 1959ರಲ್ಲಿ ಅಚ್ಚಾದ ಗ್ರಂಥ ಕ್ರಿಯಾಪದವನ್ನೇ ವಾಕ್ಯದ ಕೇಂದ್ರವಾಗಿಟ್ಟು ಉಳಿದ ಪದಗಳನ್ನು ಅದಕ್ಕೆ ಜೋಡಿಸುತ್ತದೆ; ವಿಭಕ್ತಿಗಳ ಬಲದಿಂದ ಪದಗಳನ್ನು ಹಿಂದುಮುಂದು ಮಾಡಬಲ್ಲ ಕನ್ನಡಕ್ಕೆ ಆ ಕ್ರಮ ಚೆನ್ನಾಗಿ ಒಗ್ಗುತ್ತದೆ ಎಂಬುದು ನನ್ನ ಅಭಿಪ್ರಾಯ. ಅದರ ಹೆಸರೂ ಬರಲಿಲ್ಲ. ಕೊಟ್ಟ ಟಿಪ್ಪಣಿಯ ಹಾಳೆಗಳಲ್ಲಿ ಮರದ ಗೆರೆಗಳು ಅರ್ಧಕ್ಕೆ ಅಳಿಸಿದ್ದವು, ಅಭ್ಯಾಸಗಳಿಗೆ ಉತ್ತರಗಳಿರಲಿಲ್ಲ. ಸಕಲೇಶಪುರ, ಅರಕಲಗೂಡಿನಿಂದ ಬಸ್ಸಿನಲ್ಲಿ ಬರುವವರಿಗೆ ಏಳನೆಯ ವಾರದ ಪಾಠ ಒಂದು ಗಂಟೆ ತಡವಾಗುತ್ತದೆಂದು ತಿಳಿದದ್ದು ಬಾಗಿಲಿಗೆ ಬಂದ ಮೇಲೆ. ಇವು ಸುಲಭವಾಗಿ ಸರಿಪಡಿಸಬಹುದಾದ ಕೊರತೆಗಳು, ಸರಿಪಡಿಸಲೇಬೇಕಾದವು.

ಕೊನೆಯ ಭಾನುವಾರ ಉಪನ್ಯಾಸಕರು ಹಲ್ಮಿಡಿ ಶಾಸನದ ಪಾಠವನ್ನು ತಂದಿದ್ದರು. ಹಲ್ಮಿಡಿ ನಮ್ಮದೇ ಜಿಲ್ಲೆಯ ಬೇಲೂರು ತಾಲ್ಲೂಕಿನ ಊರು, 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ ಆ ಶಾಸನವನ್ನು ಸಾಮಾನ್ಯವಾಗಿ ಕ್ರಿ.ಶ. 450ರ ಸುಮಾರಿನದೆಂದು ಹೇಳುತ್ತಾರೆ. ಹಾಸನದ ಮಕ್ಕಳೆಲ್ಲ ಅದರ ಹೆಸರನ್ನೂ ಕಾಲವನ್ನೂ ಬಾಯಿಪಾಠ ಮಾಡುತ್ತಾರೆ, ಅದರ ಒಂದು ವಾಕ್ಯವನ್ನಾದರೂ ಬಿಡಿಸಿ ನೋಡಿದವರು ವಿರಳ. ಅಂದು ನಾವು ಬಿಡಿಸಿದ್ದು ‘ಅದಾನ್ ಅೞಿವೊನ್ಗೆ ಮಹಾಪಾತಕಂ’ ಎಂಬ ಮೂರು ಪದಗಳ ವಾಕ್ಯವನ್ನು, ಎಂದರೆ ಅದನ್ನು ಅಳಿಸುವವನಿಗೆ ಮಹಾಪಾತಕ. ‘ಅದಾನ್ ಅೞಿವ’ ಎಂಬುದು ತನ್ನ ಕರ್ಮವನ್ನು ಎಡಕ್ಕಿಟ್ಟುಕೊಂಡ ಒಂದು ಪುಟ್ಟ ವಾಕ್ಯ. ಅದು ‘ಒನ್’ ಎಂಬುದರೊಳಗೆ ಅಡಗಿ ನಾಮಪದವಾಗುತ್ತದೆ. ಆ ಇಡೀ ಗಂಟಿನ ತುದಿಗೆ ‘ಗೆ’ ಒಂದೇ ಸಲ ಅಂಟುತ್ತದೆ. ಮುಖ್ಯ ವಾಕ್ಯದಲ್ಲಿ ಕ್ರಿಯಾಪದವೇ ಇಲ್ಲ, ಆದರೂ ವಾಕ್ಯ ಪೂರ್ಣ. ಏಳು ವಾರ ಕಲಿತದ್ದೆಲ್ಲ ಆ ಮೂರು ಪದಗಳಲ್ಲಿ ಒಂದರ ಮೇಲೊಂದು ಕೂತಿತ್ತು. ಸದ್ದುಗಳು ಬದಲಾಗಿವೆ, ಪ್ರತ್ಯಯಗಳು ಸವೆದಿವೆ, ಆದರೆ ಇಂದು ‘ಅದನ್ನು ಕೆಡಿಸಿದವನಿಗೆ ಪಾಪ’ ಎಂದು ಹಳ್ಳಿಯ ಅಜ್ಜಿ ಹೇಳುವ ಮಾತಿನ ಕಟ್ಟು ಅದೇ ಆಗಿ ಉಳಿದಿದೆ.

ಮುಂದಿನ ತಂಡಕ್ಕೆ ಸೇರಬೇಕೆ ಎಂದು ಕೇಳುವ ಸಹೋದ್ಯೋಗಿಗಳಿಗೆ ಸೇರಿ ಎಂದೇ ಹೇಳುತ್ತಿದ್ದೇನೆ, ಆದರೆ ಎರಡು, ಮೂರನೆಯ ವಾರಗಳಲ್ಲಿ ಧೈರ್ಯಗೆಡದೆ ಐದನೆಯ ವಾರದವರೆಗೆ ಕಾಯಿರಿ ಎಂದೂ ಸೇರಿಸುತ್ತೇನೆ. ನಡೆಸುವವರಲ್ಲಿ ನನ್ನ ಕೋರಿಕೆ ಒಂದೇ. ನೆರಳಚ್ಚಿನ ಮರಗಳನ್ನು ಬದಿಗಿಟ್ಟು, ಕೊನೆಯ ವಾರಕ್ಕೆ ಉಳಿಸಿಕೊಂಡ ಹಲ್ಮಿಡಿಯ ಆ ವಾಕ್ಯವನ್ನು ಮೊದಲ ವಾರದ ಹಲಗೆಯ ಮೇಲೆ, ‘ಹಳೆಯ ಮನೆಯ ಬಾಗಿಲಿ’ನ ಪಕ್ಕದಲ್ಲಿಯೇ ಬರೆಯಿರಿ.