ಹೊಸ ಡೀಸೆಲ್ ಎಸ್‌ಯುವಿ: 90ರ ವೇಗದ ನಡುಕ ಮತ್ತು ಹಿಂದಿನ ಆಕ್ಸಲ್‌ನ ಸದ್ದು

ಲ್ಯಾಡರ್ ಫ್ರೇಮ್ (ಏಣಿಯಾಕಾರದ ಉಕ್ಕಿನ ಚೌಕಟ್ಟು) ಮೇಲೆ ಕಟ್ಟಿದ, ಹಿಂದಿನ ಚಕ್ರಗಳಿಂದ ಓಡುವ, ಏಳು ಆಸನಗಳ ಡೀಸೆಲ್ ಆಟೊಮ್ಯಾಟಿಕ್ ಎಸ್‌ಯುವಿಯೊಂದನ್ನು ಹೊಸದಾಗಿ ಕೊಂಡು ಬಳಸುತ್ತಿದ್ದೇನೆ. ಎಂಜಿನ್ನಿನ ಬಲ, ಆಸನಗಳ ಸೌಕರ್ಯ, ಶಿರಾಡಿ ಘಾಟಿಯ ಇಳಿಜಾರಿನಲ್ಲಿ ಬ್ರೇಕು ಕೊಡುವ ಧೈರ್ಯ, ಇವುಗಳ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರದವರೆಗಿನ ಭಾಗದ ಮೇಲೆ. ಊರೊಳಗಿನ ಟೆಸ್ಟ್ ಡ್ರೈವ್‌ನಲ್ಲಿ ಈ ದೋಷ ಕಾಣಿಸಿಕೊಳ್ಳುವುದೇ ಇಲ್ಲ.

ಗಂಟೆಗೆ 85 ಕಿ.ಮೀ. ದಾಟಿದೊಡನೆ ನೆಲಹಾಸು ಮತ್ತು ಆಸನದ ಅಡಿಯಿಂದ ಒಂದು ಸಣ್ಣ, ಬಿಡುವಿಲ್ಲದ ನಡುಕ ಏಳುತ್ತಿತ್ತು. ಹಿಟ್ಟಿನ ಗಿರಣಿಯ ಗೋಡೆಗೆ ಒರಗಿ ಕುಳಿತಂತೆ ಅನ್ನಿಸುತ್ತಿತ್ತು. 95 ದಾಟಿದರೆ ಅದು ತಗ್ಗುತ್ತಿತ್ತು. ಸ್ಟೀರಿಂಗ್ ಮಾತ್ರ ನಿಶ್ಚಲವಾಗಿರುತ್ತಿತ್ತು, ಮತ್ತು ಈ ಅಂಶ ಮುಖ್ಯ, ಏಕೆಂದರೆ ಮುಂದಿನ ಚಕ್ರಗಳ ಬ್ಯಾಲೆನ್ಸ್ ತಪ್ಪಿದ್ದರೆ ಅದು ಮೊದಲು ತಿಳಿಯುವುದು ಸ್ಟೀರಿಂಗ್ ಹಿಡಿದ ಕೈಗೆ. ಆದರೂ ಸರ್ವಿಸ್ ಕೇಂದ್ರದವರು ಪ್ರತಿ ಸಲವೂ ವ್ಹೀಲ್ ಬ್ಯಾಲೆನ್ಸಿಂಗ್ ಮತ್ತು ಅಲೈನ್‌ಮೆಂಟ್ ಮಾಡಿ, "ಸರ್, ಈ ಮಾಡೆಲ್‌ನಲ್ಲಿ ಎಲ್ಲ ಗಾಡಿಗಳಲ್ಲೂ ಹೀಗೇ ಇರುತ್ತೆ" ಎಂದು ಹೇಳಿ ಕಳುಹಿಸುತ್ತಿದ್ದರು. ಲಕ್ಷಾಂತರ ರೂಪಾಯಿ ತೆತ್ತವನಿಗೆ ಕೊಡಬೇಕಾದ ಉತ್ತರ ಅದಲ್ಲ ಎಂದು ನಾನು ಈಗಲೂ ನಂಬುತ್ತೇನೆ.

ನಡುಕದ ಮೂಲವನ್ನು ಮಾಲೀಕರೇ ಬಹುಮಟ್ಟಿಗೆ ಗುರುತಿಸಬಹುದು. ಖಾಲಿ ಹೆದ್ದಾರಿಯಲ್ಲಿ ವೇಗವನ್ನು 90ಕ್ಕೆ ಹಿಡಿದು, ಮ್ಯಾನ್ಯುಯಲ್ ಮೋಡ್‌ನಲ್ಲಿ ಆರನೆಯ ಗೇರಿನಿಂದ ಐದಕ್ಕೆ, ನಾಲ್ಕಕ್ಕೆ ಇಳಿಸಿದಾಗ ಎಂಜಿನ್ನಿನ ಸುತ್ತುಗಳು ಏರಿದರೂ ನಡುಕ ಬದಲಾಗದಿದ್ದರೆ ಎಂಜಿನ್ ಮತ್ತು ಅದರ ಮೌಂಟುಗಳ ಮೇಲಿನ ಅನುಮಾನ ಬಹುಪಾಲು ಕಳೆಯುತ್ತದೆ. ನನ್ನ ವಾಹನದಲ್ಲಿ ಅದು ಬದಲಾಗಲಿಲ್ಲ. ಇದರ ಟೈರಿನ ಸುತ್ತಳತೆ ಸುಮಾರು 2.4 ಮೀಟರ್ ಇರುವುದರಿಂದ 90ರ ವೇಗದಲ್ಲಿ ಚಕ್ರ ಸೆಕೆಂಡಿಗೆ ಹತ್ತು ಸುತ್ತಿಗಿಂತ ತುಸು ಹೆಚ್ಚು ತಿರುಗುತ್ತದೆ. ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಬಲ ಸಾಗಿಸುವ ಉದ್ದನೆಯ ಕೊಳವೆಯೇ ಪ್ರೊಪೆಲ್ಲರ್ ಶಾಫ್ಟ್. ಹಿಂದಿನ ಆಕ್ಸಲ್‌ನ ಅನುಪಾತ 3.7ರಷ್ಟಿರುವ ಕಾರಣ, ಅಂದರೆ ಚಕ್ರದ ಒಂದು ಸುತ್ತಿಗೆ ಶಾಫ್ಟ್ 3.7 ಸುತ್ತು ತಿರುಗುವುದರಿಂದ, ಅದು ಅದೇ ಸೆಕೆಂಡಿನಲ್ಲಿ ಸುಮಾರು 39 ಸುತ್ತು ತಿರುಗುತ್ತದೆ. ಕಂಪನ ಅಳೆಯುವ ಆ್ಯಪ್ ಹಾಕಿದ ಫೋನನ್ನು ಸಹಪ್ರಯಾಣಿಕರು ಆಸನದ ಹಳಿಯ ಮೇಲಿಟ್ಟು ನೋಡಿದಾಗ ಕಂಪನ ಅತಿ ಹೆಚ್ಚು ಕಂಡದ್ದು 39 ಹರ್ಟ್ಸ್‌ನ (ಸೆಕೆಂಡಿಗೆ 39 ಸಲ) ಆಸುಪಾಸಿನಲ್ಲೇ, ಅಂದರೆ ಶಾಫ್ಟಿನ ಸುತ್ತಿಗೆ ಸರಿಯಾಗಿ. ಶಾಫ್ಟಿನ ತುದಿಯಲ್ಲಿ ಬಾಗಲು ಬಿಡುವ ಕೀಲಾದ ಯೂನಿವರ್ಸಲ್ ಜಾಯಿಂಟಿನ ಕೋನ ತಪ್ಪಿದ್ದರೆ ಶಾಫ್ಟಿನ ಒಂದು ಸುತ್ತಿಗೆ ಎರಡು ಸಲ ನಡುಕ ಏಳಬೇಕಿತ್ತು, ಹಿಂದಿನ ಸೀಟಿನಲ್ಲಿ ಜನ ತುಂಬಿ ಸ್ಪ್ರಿಂಗ್ ಕುಸಿದಾಗ ಅದರ ತೀವ್ರತೆಯೂ ಬದಲಾಗಬೇಕಿತ್ತು. ಎರಡೂ ಆಗಲಿಲ್ಲವಾದ್ದರಿಂದ ಶಾಫ್ಟಿನ ಸಮತೂಕವೇ ತಪ್ಪಿದೆ ಎಂಬುದು ಸ್ಪಷ್ಟವಾಗಿತ್ತು.

ಈ ವಿವರಗಳನ್ನು ಜಾಬ್ ಕಾರ್ಡಿನಲ್ಲಿ ಬರೆಸಿ, ಹೆದ್ದಾರಿಯ ವೇಗದಲ್ಲಿ ಜೊತೆಗೆ ಬಂದು ನೋಡಲೇಬೇಕೆಂದು ಪಟ್ಟು ಹಿಡಿದ ಮೇಲೆ ಹಿರಿಯ ಮೆಕ್ಯಾನಿಕ್ ಒಬ್ಬರು ಬಂದರು. ಅವರ ಕೆಲಸವನ್ನು ಮನಸಾರೆ ಮೆಚ್ಚುತ್ತೇನೆ. ವಾಹನವನ್ನು ಲಿಫ್ಟ್‌ಗೆ ಏರಿಸಿ, ಡಯಲ್ ಗೇಜ್ (ಸೂಕ್ಷ್ಮ ಅಲುಗಾಟ ಅಳೆಯುವ ಉಪಕರಣ) ಹಚ್ಚಿ ಶಾಫ್ಟಿನ ಓಲಾಟ ಅಳೆದರು. ಸಮತೂಕಕ್ಕಾಗಿ ಶಾಫ್ಟಿನ ಕೊಳವೆಗೆ ಬೆಸುಗೆ ಹಾಕಿದ್ದ ತೂಕದ ತುಣುಕೊಂದು ಕಳಚಿ ಹೋಗಿ ಗುರುತಷ್ಟೇ ಉಳಿದಿದ್ದನ್ನು ನನಗೂ ತೋರಿಸಿದರು. ವಾರಂಟಿಯಲ್ಲಿ ಹೊಸ ಶಾಫ್ಟ್ ಬಂತು, ಆ ನಡುಕ ಪೂರ್ಣವಾಗಿ ನಿಂತಿತು. ಶಾಫ್ಟ್ ಬಿಚ್ಚುವ ಪ್ರಸಂಗ ಬಂದರೆ ಫ್ಲ್ಯಾಂಜ್‌ಗಳ (ಶಾಫ್ಟನ್ನು ಬೋಲ್ಟ್ ಹಾಕಿ ಜೋಡಿಸುವ ತಟ್ಟೆಗಳ) ಮೇಲೆ ಬಣ್ಣದ ಗುರುತು ಹಾಕಿಸಿಕೊಳ್ಳಿ. ಹಿಂದಿದ್ದ ಸ್ಥಾನದಲ್ಲೇ ಕೂರಿಸದಿದ್ದರೆ ಸರಿ ಇದ್ದ ಶಾಫ್ಟೂ ಅದಿರತೊಡಗಬಹುದು.

ಸದ್ದಿನ ವಿಷಯ ಇನ್ನೂ ಬಗೆಹರಿದಿಲ್ಲ. 60ರಿಂದ 70ರ ನಡುವೆ ಆಕ್ಸಲರೇಟರನ್ನು ಹಗುರವಾಗಿ ಒತ್ತಿಟ್ಟಾಗ ಹಿಂದಿನಿಂದ ಗುಂಯ್ ಎಂಬ ಎಳೆದ ಸದ್ದು ಬರುತ್ತದೆ, ಕಾಲು ತೆಗೆದರೆ ನಿಲ್ಲುತ್ತದೆ. ಚಕ್ರದ ಬೇರಿಂಗ್ ಸವೆದಿದ್ದರೆ ಎಡಕ್ಕೋ ಬಲಕ್ಕೋ ವಾಲಿಸಿದಾಗ ಸದ್ದು ಬದಲಾಗುತ್ತಿತ್ತು. ಹೀಗೆ ಎಂಜಿನ್ನಿನ ಎಳೆತಕ್ಕೆ ತಕ್ಕಂತೆ ಬಂದು ಹೋಗುವ ಸದ್ದು ಸಾಮಾನ್ಯವಾಗಿ ಡಿಫರೆನ್ಷಿಯಲ್‌ನ (ಶಾಫ್ಟಿನ ಬಲವನ್ನು ಎರಡೂ ಹಿಂದಿನ ಚಕ್ರಗಳಿಗೆ ಹಂಚುವ ಗೇರುಗಳ ಪೆಟ್ಟಿಗೆಯ) ಕ್ರೌನ್ ಎಂಬ ದೊಡ್ಡ ಗೇರು ಮತ್ತು ಪಿನಿಯನ್ ಎಂಬ ಸಣ್ಣ ಗೇರಿನ ಹಲ್ಲುಗಳ ಹೊಂದಾಣಿಕೆಯ ದೋಷದಿಂದ ಹುಟ್ಟುತ್ತದೆ. ಕಾಂಕ್ರೀಟ್ ರಸ್ತೆಯಲ್ಲಿ ಟೈರಿನ ಸದ್ದೇ ಇದನ್ನು ಮುಚ್ಚಿಬಿಡುವುದರಿಂದ ನುಣುಪಾದ ಡಾಂಬರಿನ ಮೇಲೆಯೇ ಪರೀಕ್ಷಿಸಬೇಕು. ಡಿಫರೆನ್ಷಿಯಲ್‌ನ ಆಯಿಲ್ ಬದಲಿಸಿದ್ದರಿಂದ ತುಸು ತಗ್ಗಿತೇ ಹೊರತು ಹೋಗಲಿಲ್ಲ.

ಈ ವಾಹನವನ್ನು ಕೊಳ್ಳಬೇಡಿ ಎಂದು ನಾನು ಹೇಳುವುದಿಲ್ಲ. ಆದರೆ ಡೆಲಿವರಿಗೆ ಮೊದಲು ನಿಮಗೆ ಕೊಡುವ ವಾಹನವನ್ನೇ ಹೆದ್ದಾರಿಯಲ್ಲಿ ಓಡಿಸಿ ತೋರಿಸುವಂತೆ ಕೇಳಿ. ಒಪ್ಪದಿದ್ದರೆ ಬೇರೆ ಡೀಲರನ್ನು ನೋಡಿ. ನನ್ನ ವಾಹನದ ಡಿಫರೆನ್ಷಿಯಲ್ ಬಿಚ್ಚಿ ಹಲ್ಲುಗಳ ಹೊಂದಾಣಿಕೆ ನೋಡಬೇಕೆಂಬ ಕೋರಿಕೆಯನ್ನು ಲಿಖಿತವಾಗಿ ಸಲ್ಲಿಸಿದ್ದೇನೆ, ತಯಾರಕರ ಒಪ್ಪಿಗೆ ಇನ್ನೂ ಬರಬೇಕಿದೆ. ವಾರಂಟಿ ಮುಗಿಯುವುದರೊಳಗೆ ಅದು ಬಾರದಿದ್ದರೆ ಇದೇ ಜಾಬ್ ಕಾರ್ಡುಗಳೊಂದಿಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇನೆ.