ಗಾಲ್ಫ್ ಪ್ರಾಕ್ಟೀಸ್ ನೆಟ್ ಮತ್ತು ಮ್ಯಾಟ್: ಒಂದೂವರೆ ವರ್ಷ ಬಳಸಿದ ಮೇಲೆ

ಅಳತೆ, ತೂಕ, ಬಣ್ಣ ಎಲ್ಲ ಪೆಟ್ಟಿಗೆಯ ಮೇಲೇ ಇದೆ, ಅದನ್ನು ಬಿಡುತ್ತೇನೆ. ಕಲಬುರಗಿಯಲ್ಲಿದ್ದುಕೊಂಡು ವಾರವಾರ ಬೆಂಗಳೂರಿನ ರೇಂಜಿಗೆ, ಅಂದರೆ ಗಾಲ್ಫ್ ಹೊಡೆತ ಅಭ್ಯಾಸ ಮಾಡುವ ಬಯಲಿಗೆ, ಹೋಗಿಬರುವುದು ಆಗದ ಮಾತು. ಒಂದು ಶಾಟ್ ನೆಟ್ಟಗೆ, ಮುಂದಿನದು ನೆಲ ಕೆರೆದು, ಅದರ ಮುಂದಿನದು ಚೆಂಡಿನ ತಲೆ ಸವರಿ ಹೋಗುತ್ತಿರುವವರು ಅಂಗಳಕ್ಕೆಂದು ಈ ಸೆಟ್ ತರಿಸುತ್ತಾರೆ. ಬಲೆಯ ಬಗ್ಗೆ ದೊಡ್ಡ ದೂರಿಲ್ಲ. ಮ್ಯಾಟ್ ಬಗ್ಗೆ ಇದೆ: ಯಾವ ತಪ್ಪು ತಿದ್ದಿಕೊಳ್ಳಲು ಅದನ್ನು ಕೊಳ್ಳುತ್ತೇವೋ ಆ ತಪ್ಪನ್ನೇ ಅದು ಮುಚ್ಚಿಡುತ್ತದೆ.

ಹುಲ್ಲಿನ ಮೇಲೆ ಕ್ಲಬ್ಬು (ಚೆಂಡು ಹೊಡೆಯುವ ಕೋಲು) ಚೆಂಡಿಗಿಂತ ಎರಡು ಇಂಚು ಹಿಂದೆ ನೆಲಕ್ಕೆ ತಾಗಿದರೆ ಮಣ್ಣಿನಲ್ಲಿ ಸಿಕ್ಕಿಕೊಳ್ಳುತ್ತದೆ, ಚೆಂಡು ಅರ್ಧ ದಾರಿಗೆ ಬೀಳುತ್ತದೆ. ಮ್ಯಾಟ್ ಮೇಲೆ ಅದೇ ಹೊಡೆತಕ್ಕೆ ಕ್ಲಬ್ಬಿನ ತಳ ಜಾರಿ ಮುಂದೆ ಹೋಗಿ ಚೆಂಡಿಗೆ ತಗಲುತ್ತದೆ, ಚೆಂಡು ಬಲೆಗೆ ಚೆನ್ನಾಗಿಯೇ ಬಡಿಯುತ್ತದೆ. ತಿಂಗಳುಗಟ್ಟಲೆ ಹೀಗೆ ಹೊಡೆದವರು ನಿಜವಾದ ಗಾಲ್ಫ್ ಮೈದಾನಕ್ಕೆ ಇಳಿದ ದಿನ ಕಂಗೆಡುತ್ತಾರೆ. ಶಹಾಬಾದ್ ಫರಸಿ ಹಾಸಿದ ಅಂಗಳದಲ್ಲಿ ಹಾಸಿದರಂತೂ ಪೆಟ್ಟು ನೇರ ಮಣಿಕಟ್ಟಿಗೂ ಮೊಣಕೈಗೂ ಏರುತ್ತದೆ. ಕೆಳಗೆ ಗೋಣಿಚೀಲ ನಾಲ್ಕು ಮಡಿಕೆ ಮಾಡಿ ಹಾಕಿದರೆ ನೋವು ತಗ್ಗುತ್ತದೆ, ಆದರೆ ತಪ್ಪು ಆಗಲೂ ಕಾಣುವುದಿಲ್ಲ.

ಕಿವಿಗೆ ಮಾತ್ರ ಸಿಗುತ್ತದೆ. ಒಳ್ಳೆಯ ಹೊಡೆತದಲ್ಲಿ ಮೊದಲು 'ಟಕ್', ಆಮೇಲೆ ಮ್ಯಾಟ್ ಸದ್ದು. ಮೊದಲು 'ಧಪ್' ಬಂದರೆ ಕ್ಲಬ್ಬು ನೆಲ ಮುಟ್ಟಿ ಬಂದಿದೆ ಎಂದು ತಿಳಿಯಬೇಕು.

ಈ ತಪ್ಪನ್ನು ಬಯಲಿಗೆ ತಂದದ್ದು ಉಸುಕು. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲಕ್ಕೆ, ಎರಡು ಮೂರು ಇಂಚು ದಪ್ಪ ಹರವಬೇಕು. ಅಂಗಳದ ಮಣ್ಣಿನ ಮೇಲೆಯೇ ಹರವಿ, ಫರಸಿ ಮೇಲೆ ಬೇಡವೇ ಬೇಡ, ಕ್ಲಬ್ಬು ಕಲ್ಲಿಗೆ ತಗಲಿದರೆ ಅಂಚು ಮುರಿಯುತ್ತದೆ. ಸುತ್ತ ಇಟ್ಟಿಗೆ, ಹಲಗೆ ಏನೂ ಇಡಬೇಡಿ. ತಂಬಿಗೆಯಲ್ಲಿ ನೀರು ಚಿಮುಕಿಸಿ, ಹಲಗೆಯಿಂದ ಸಮ ಮಾಡಿ, ಅಡ್ಡಲಾಗಿ ರಂಗೋಲಿ ಹಿಟ್ಟಿನ ಒಂದು ಗೆರೆ ಎಳೆಯಿರಿ. ಗೆರೆ ಎರಡು ಪಾದಗಳ ನಡುವೆ ಬರುವಂತೆ ನಿಂತು, ಚೆಂಡು ಇಲ್ಲದೆ, ಏಳನೇ ಐರನ್ನಿನಿಂದ (ಲೋಹದ ತಲೆಯ, 7 ಎಂದು ಗುರುತಿರುವ ಕ್ಲಬ್ಬು) ಅರ್ಧ ಬಲದಲ್ಲಿ ಹತ್ತು ಸಲ ಬೀಸಬೇಕು. ಉಸುಕಿನ ಗುರುತು ಗೆರೆಯಲ್ಲಿ ಶುರುವಾಗಿ ಗುರಿಯ ಕಡೆಗೆ ಮೂರು ನಾಲ್ಕು ಇಂಚು ಸಾಗಬೇಕು. ಗೆರೆಯ ಹಿಂದೆ ಶುರುವಾದರೆ ಸ್ವಿಂಗಿನ ತಳ, ಅಂದರೆ ಬೀಸಿನಲ್ಲಿ ಕ್ಲಬ್ಬು ಅತಿ ಕೆಳಗಿಳಿಯುವ ಜಾಗ, ಹಿಂದೆ ಉಳಿದಿದೆ. ಒಂದು ಸಲ ನೆಲ ಕೆರೆಯುವುದಕ್ಕೂ ಇನ್ನೊಂದು ಸಲ ಚೆಂಡಿನ ತಲೆ ಸವರುವುದಕ್ಕೂ ಬಹುಪಾಲು ಮೂಲ ಇದೊಂದೇ: ತಳ ಮುಟ್ಟಿದ ಕ್ಲಬ್ಬು ಮೇಲೇಳುತ್ತಿರುವಾಗ ಚೆಂಡು ಎದುರಾಗುತ್ತದೆ.

ಬಲಗೈ ಆಟಗಾರರಲ್ಲಿ ಕಾರಣ ಸಾಮಾನ್ಯವಾಗಿ ಎರಡು. ಭಾರ ಬಲಗಾಲ ಮೇಲೆಯೇ ಉಳಿದಿರುತ್ತದೆ, ಇಲ್ಲವೇ ಚೆಂಡನ್ನು ಎತ್ತಿಕೊಡುವ ಆಸೆಗೆ ಮಣಿಕಟ್ಟು ಬೇಗ ಬಿಚ್ಚುತ್ತದೆ. ಮೊದಲನೆಯದನ್ನು ಪರೀಕ್ಷಿಸುವುದು ಸುಲಭ: ಸ್ವಿಂಗ್ ಮುಗಿದಾಗ ಬಲಗಾಲ ಹಿಮ್ಮಡಿ ಎದ್ದು, ಆ ಕಾಲನ್ನು ನೆಲದಿಂದ ಎತ್ತಿದರೂ ನಿಲ್ಲಲು ಬರಬೇಕು. ಬರದಿದ್ದರೆ ಭಾರ ದಾಟಿಲ್ಲ. ಹತ್ತರಲ್ಲಿ ಏಳು ಗುರುತು ಸರಿ ಬಂದ ಮೇಲೆ ಪೂರ್ತಿ ಬಲಕ್ಕೆ ಹೋಗಿ, ಅದಕ್ಕೂ ಮುಂಚೆ ಹೋದರೆ ಹಳೇ ಚಾಳಿ ಮರಳುತ್ತದೆ. ಇದಕ್ಕೆ ಹಳೆಯ ಐರನ್ ಇಟ್ಟುಕೊಳ್ಳಿ, ಉಸುಕು ಕ್ಲಬ್ಬಿನ ಮುಖವನ್ನು ಗೀರುತ್ತದೆ. ಕೊನೆಗೆ ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ಆ ಮುಖದ ಗೆರೆಗಳನ್ನು ತಿಕ್ಕಿ ತೊಳೆಯಬೇಕು.

ಆಮೇಲೆ ಮ್ಯಾಟಿಗೆ ಬಂದರೆ ಅದೂ ಉಪಯೋಗಕ್ಕೆ ಬರುತ್ತದೆ. ಕೈ ಒರೆಸುವ ಟವೆಲ್ ಮಡಿಚಿ ಚೆಂಡಿನ ಆರು ಇಂಚು ಹಿಂದೆ ಇಟ್ಟು ಹೊಡೆಯಿರಿ, ಟವೆಲ್ ಕದಲಬಾರದು. ಇದು ರೂಢಿಯಾದ ಮೇಲೆ ನಾಲ್ಕು ಇಂಚಿಗೆ ತನ್ನಿ. ಕ್ಲಬ್ಬಿನ ಮುಖಕ್ಕೆ ಟಾಲ್ಕಂ ಪೌಡರ್ ಸವರಿದರೆ ಚೆಂಡು ಎಲ್ಲಿ ತಗುಲಿತೆಂಬ ದುಂಡು ಗುರುತು ಬೀಳುತ್ತದೆ. ಅದು ಮುಖದಲ್ಲಿ ಕೋಲು ಸೇರುವ ಕಡೆಗೇ ಬೀಳುತ್ತಿದ್ದರೆ ಮೊದಲು ಅರ್ಧ ಹೆಜ್ಜೆ ಹಿಂದೆ ಸರಿದು ನೋಡಿ.

ಬಲೆ ಈ ಬೆಲೆಗೆ ನಿಜಕ್ಕೂ ಚೆನ್ನಾಗಿದೆ. ಆದರೆ ಕೈಪಿಡಿಯ ಚಿತ್ರದಲ್ಲಿರುವಂತೆ ಬಿಗಿದು ಕಟ್ಟಬಾರದು. ಸುಮಾರು 46 ಗ್ರಾಂ ತೂಕದ ಗಟ್ಟಿ ಚೆಂಡು ಬಿಗಿದ ಬಲೆಯಿಂದ ನೇರ ಮೊಣಕಾಲಿಗೆ ತಿರುಗಿ ಬರುತ್ತದೆ. ಕೆಳ ಅಂಚು ಒಂದು ಅಡಿ ಸಡಿಲ ಬಿಟ್ಟು, ಹಿಂದೆ ಹಳೇ ಕೌದಿ ತೂಗುಹಾಕಿ. ಮನೆಯ ಹಳೇ ಸೀರೆ ಪದರ ಪದರವಾಗಿ ಹೊಲಿದ ಕೌದಿಗೆ ಚೆಂಡು ತಾಗಿದರೆ 'ಪುಸ್' ಅಂತ ಉಸಿರು ಬಿಟ್ಟು ಅಲ್ಲೇ ಕೆಳಗಿಳಿಯುತ್ತದೆ. ಬೆಳಗ್ಗೆ ಆರಕ್ಕೆ ಪಕ್ಕದ ಮನೆಯವರ ನಿದ್ದೆಯೂ ಕೆಡುವುದಿಲ್ಲ. ಈ ಸೆಟ್ಟಿನೊಂದಿಗೆ ಬರದ, ಆದರೆ ಅತ್ಯಂತ ಸುಖ ಕೊಡುವ ಭಾಗ ಇದು.

ಚೆಂಡು ಹಾರಿಹೋಗುವುದು ಕಾಣದ ಕೊರತೆಗೆ ಬಲೆಯ ಮೇಲೆ ಕೆಂಪು ಬಟ್ಟೆ ಕಟ್ಟಿ. ಹತ್ತು ಅಡಿ ದೂರದಿಂದ ಏಳನೇ ಐರನ್ ಸರಿಯಾಗಿ ತಗುಲಿದರೆ ಚೆಂಡು ಸುಮಾರು ಮೂರು ಅಡಿ ಎತ್ತರಕ್ಕೆ ಬಡಿಯುತ್ತದೆ, ಬಟ್ಟೆ ಅಲ್ಲಿರಲಿ. ಮೊಣಕಾಲ ಮಟ್ಟಕ್ಕಿಂತ ಕೆಳಗೆ ಹೋದರೆ ತಲೆ ಸವರಿದೆ. ಐದೈದು ಚೆಂಡಿಗೊಮ್ಮೆ ಕ್ಲಬ್ಬು ಬದಲಿಸಿ, ನಲವತ್ತಕ್ಕೆ ನಿಲ್ಲಿಸಿ. ದಣಿದ ಮೈ ಕಲಿತದ್ದನ್ನು ಕೆಡಿಸುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಈ ಊರಿನ ಬಿಸಿಲಿಗೆ ನೈಲಾನ್ ಬಿಳುಚಿಕೊಂಡು ಎಳೆ ಬಿಡುತ್ತದೆ, ಆಟ ಮುಗಿದ ಕೂಡಲೇ ಸುತ್ತಿ ಒಳಗಿಡಿ. ಮ್ಯಾಟ್ ಒಂದೇ ಕಡೆ ಸವೆಯುವುದರಿಂದ ತಿಂಗಳಿಗೊಮ್ಮೆ ತಿರುಗಿಸಿ ಹಾಸಿ. ಬಲೆ ಬಿಡಿಯಾಗಿ ಸಿಕ್ಕರೆ ಅದನ್ನಷ್ಟೇ ಕೊಂಡು, ಉಳಿದ ದುಡ್ಡಿನಲ್ಲಿ ಒಂದು ಹಳೇ ಐರನ್ ತನ್ನಿ. ಉಸುಕಿಗೆ ಮಳೆಗಾಲದಲ್ಲಿ ತಾಡಪಾಲು ಹೊದಿಸಿದರೆ ಸಾಕು, ಗೆರೆ ಎಳೆಯಲು ಮರುದಿನ ಹದವಾಗಿಯೇ ಇರುತ್ತದೆ.